ಪೆಟ್ರೊಗ್ರಾಡಿನ ಬಿಸಿ ನಿಪ್ಪಾಣಿಯ ವಖಾರಿಗೆ ತಟ್ಟಿತೇ?

1919ರ ಅಕ್ಟೋಬರ್ ಕೊನೆಯ ವಾರ ವಾಷಿಂಗ್ಟನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಕೂಡಿತು. ಅಲ್ಲಿ ಒಪ್ಪಿದ ಮೊಟ್ಟಮೊದಲ ಒಡಂಬಡಿಕೆ ಕಾರ್ಖಾನೆ ಕೆಲಸಕ್ಕೆ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿತು. ಅದೇ ಒಡಂಬಡಿಕೆಯ ಹತ್ತನೆಯ ಕಲಮಿನಲ್ಲಿ ಬ್ರಿಟಿಷ್ ಹಿಂದೂಸ್ಥಾನಕ್ಕೆ ಬೇರೆಯೇ ಲೆಕ್ಕ: ವಾರಕ್ಕೆ 60 ತಾಸು. ರಷ್ಯದ ಪೆಟ್ರೊಗ್ರಾಡಿನಲ್ಲಿ ಬೋಲ್ಶೆವಿಕರು ಅಧಿಕಾರ ಹಿಡಿದು ಆಗಿನ್ನೂ ಎರಡು ವರ್ಷ. ಯುರೋಪಿನ ಸರಕಾರಗಳು ನಿದ್ದೆಗೆಟ್ಟಿದ್ದ ಹೊತ್ತು. ಆ ದಿಗಿಲಿನಿಂದ ಬರ್ಲಿನ್ನಿನ, ಪ್ಯಾರಿಸಿನ ಕಾರ್ಮಿಕನಿಗೆ ಎಂಟು ತಾಸಿನ ದಿನ ದಕ್ಕಿತು. ಮುಂಬೈ ಗಿರಣಿಯವನ ಪಾಲಿಗೆ ಅದು ಬಂದದ್ದು ವಾರಕ್ಕೆ ಹನ್ನೆರಡು ತಾಸು ಮೇಲುದುಡಿಮೆಯ ಸಮೇತ.

ಹೊರನಾಡಿನ ಸಮಾಜವಾದಿ ಚಳವಳಿ ಬಂಡವಾಳದ ನಾಡುಗಳ ಕೂಲಿಯನ್ನು ಏರಿಸುತ್ತದೆಯೋ ಇಳಿಸುತ್ತದೆಯೋ ಎಂಬುದು ಹಳೆಯ ವಾದ. ಅರ್ಥಶಾಸ್ತ್ರಿಗಳು, ಇತಿಹಾಸಕಾರರು, ಯೂನಿಯನ್ನಿನವರು ತಮ್ಮ ತಮ್ಮ ಉತ್ತರ ಹಿಡಿದು ಕೂತಿದ್ದಾರೆ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ನಿಂತು ಈ ವಾದವನ್ನು ನೋಡುವುದರಲ್ಲಿ ಒಂದು ಅನುಕೂಲವಿದೆ. ಇಲ್ಲಿಯವರಿಗೆ ಗಡಿ ಎಂದರೆ ಭೂಪಟದ ಗೆರೆಯಲ್ಲ, ದಿನಾ ದಾಟುವ ರಸ್ತೆ. ಸ್ವಾತಂತ್ರ್ಯಕ್ಕೆ ಮೊದಲು ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಚಿಕ್ಕೋಡಿ, ಅಥಣಿ ಬ್ರಿಟಿಷರ ಮುಂಬೈ ಪ್ರಾಂತದವು. ಬ್ರಿಟಿಷ್ ಹಿಂದೂಸ್ಥಾನದ ಕಾರ್ಖಾನೆ ಕಾಯದೆ ಸಂಸ್ಥಾನಗಳಿಗೆ ಅನ್ವಯಿಸುತ್ತಿರಲಿಲ್ಲ. ಅಂದರೆ ಆ 60 ತಾಸಿನ ಮಿತಿಗೂ ಕೃಷ್ಣಾ ತೀರದ, ರಾಯಬಾಗ ಸೀಮೆಯ ದಿಗ್ಗೇವಾಡಿಯಂಥ ಊರುಗಳ ಕಡೆ ಬರಲು ಪರವಾನಗಿ ಇರಲಿಲ್ಲ. ಇಂದು ಕೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳು ಇನ್ನೊಂದು ರಾಜ್ಯ. ಕಬ್ಬಿನ ದರ, ಕಡಿಯುವವರ ಕೂಲಿ, ಮಗ್ಗದ ಮಜೂರಿ ಎಲ್ಲಕ್ಕೂ ಆ ಕಡೆಯ ಗಾಳಿ ಬೀಸುತ್ತಲೇ ಇರುತ್ತದೆ.

ಮೊದಲ ಉತ್ತರ ಹೆದರಿಕೆಯ ಉತ್ತರ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಮ್ಮ ಮಾಳಿಗೆಯ ಮೇಲೂ ನೀರು ಚಿಮುಕಿಸುತ್ತೇವಲ್ಲ, ಹಾಗೆ ಪಕ್ಕದ ದೇಶದಲ್ಲಿ ಕ್ರಾಂತಿಯಾದರೆ ಇಲ್ಲಿಯ ಮಾಲೀಕರು, ಮಂತ್ರಿಗಳು ಒಂದಿಷ್ಟು ಬಿಟ್ಟುಕೊಡುತ್ತಾರೆ. ಇದಕ್ಕೆ ಪುರಾವೆ ಧಾರಾಳ. 1918ರ ನವೆಂಬರ್ 15ರಂದು ಜರ್ಮನಿಯ ಉದ್ಯಮಿಗಳು ಯೂನಿಯನ್ನುಗಳ ಜತೆ ಕೂತು ಎಂಟು ತಾಸಿನ ದಿನಕ್ಕೆ ಸಹಿ ಹಾಕಿದರು. ಕೈಸರ್ ಸಿಂಹಾಸನ ಬಿಟ್ಟು ಆಗ ವಾರವೂ ಆಗಿರಲಿಲ್ಲ. ಮರುವರ್ಷ ಏಪ್ರಿಲಿನಲ್ಲಿ ಫ್ರಾನ್ಸ್ ಅದೇ ಕಾನೂನು ಮಾಡಿತು. ಬಾರ್ಸಿಲೋನಾದ ವಿದ್ಯುತ್ ಕಾರ್ಮಿಕರ ಸಂಪಿನ ಬೆನ್ನಿಗೇ ಸ್ಪೇನ್ ಕೂಡ ಮಾಡಿತು. ನಾರ್ವೆಯ ಇಬ್ಬರು ವಿದ್ವಾಂಸರು, ಮಾಗ್ನುಸ್ ರಾಸ್ಮುಸೆನ್ ಮತ್ತು ಕಾರ್ಲ್ ಹೆನ್ರಿಕ್ ಕ್ನುಟ್ಸೆನ್, ಈ ಹೆದರಿಕೆಯನ್ನು ಅಳೆಯಲು ಒಂದು ಚತುರ ಉಪಾಯ ಹುಡುಕಿದರು. 1919ರ ಮಾರ್ಚಿನಲ್ಲಿ ಮಾಸ್ಕೊದಲ್ಲಿ ಹುಟ್ಟಿದ, ಕಮ್ಯುನಿಸ್ಟರ ಅಂತರರಾಷ್ಟ್ರೀಯ ಒಕ್ಕೂಟವಾದ ಕಾಮಿಂಟರ್ನ್ ಯಾವ ಯಾವ ದೇಶದ ಗುಂಪುಗಳಿಗೆ ಆಮಂತ್ರಣ ಕಳಿಸಿತ್ತು ಎಂದು ನೋಡಿದರು. ಆಮಂತ್ರಣ ಹೋದ ದೇಶಗಳಲ್ಲಿ ದುಡಿಮೆಯ ಅವಧಿ ಹೆಚ್ಚು ಇಳಿದಿತ್ತು, ಸಾಮಾಜಿಕ ಭದ್ರತೆ ಹೆಚ್ಚು ಅಗಲವಾಗಿತ್ತು. ಮದುವೆಗೆ ಹೋಗದವರಿಗೂ ಲಗ್ನಪತ್ರಿಕೆಯ ಬಲದಿಂದ ಊಟ ಸಿಕ್ಕಿತು ಅನ್ನಿ.

ಈ ಹೆದರಿಕೆ ರಷ್ಯದ ಕ್ರಾಂತಿಗಿಂತ ಹಳೆಯದು. ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿಗಳ ವಿರುದ್ಧ ಕಾಯದೆ ತಂದು, ಐದೇ ವರ್ಷದಲ್ಲಿ ಕಾರ್ಮಿಕರಿಗೆ ಅನಾರೋಗ್ಯ ವಿಮೆ ಕೊಟ್ಟ. 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ. ಒಂದು ಕೈಯಲ್ಲಿ ಬಾರುಕೋಲು, ಇನ್ನೊಂದರಲ್ಲಿ ಬೆಲ್ಲ. ಇಲ್ಲಿ ಗಮನಿಸಬೇಕಾದ್ದು ಬೆಲ್ಲದ ಬಗೆ. ಹೆದರಿದ ಸರಕಾರಗಳು ಹೆಚ್ಚಾಗಿ ಕೊಟ್ಟದ್ದು ವಿಮೆ, ಪಿಂಚಣಿ, ಕೆಲಸದ ತಾಸು, ರಜೆ. ಕೈಗೆ ಬರುವ ಪಗಾರವನ್ನಲ್ಲ. ಪಗಾರ ಮಾಲೀಕನ ತಿಜೋರಿಯಿಂದ ವಾರವಾರ ಹೋಗಬೇಕಾದ್ದು, ಹೆದರಿಕೆ ತಣಿದ ಮೇಲೂ ನಿಲ್ಲಿಸಲಾಗದ್ದು. ಹಾಗಾಗಿ 'ಕ್ರಾಂತಿಯ ಭಯದಿಂದ ಕೂಲಿ ಏರಿತು' ಎಂದು ಸಾರಾಸಗಟಾಗಿ ಹೇಳುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ.

ಅನುಮಾನಕ್ಕೆ ಇನ್ನೂ ದೊಡ್ಡ ಕಾರಣವಿದೆ. ಎರಡನೇ ಮಹಾಯುದ್ಧ ಮುಗಿದಂದಿನಿಂದ 1973ರ ತೈಲ ಬಿಕ್ಕಟ್ಟಿನವರೆಗೆ ಪಶ್ಚಿಮ ಯುರೋಪು, ಅಮೆರಿಕದಲ್ಲಿ ಕೂಲಿ ಏರಿದಂತೆ ಹಿಂದೆಂದೂ ಏರಿರಲಿಲ್ಲ. ಅದಕ್ಕೆ ಸೋವಿಯತ್ ಒಕ್ಕೂಟದ ಭಯವೇ ಕಾರಣ ಎನ್ನುವವರಿದ್ದಾರೆ. ಆದರೆ ಆ ಕಾಲದಲ್ಲಿ ಯಂತ್ರಗಳ ಇಳುವರಿ ಏರಿತ್ತು, ತೈಲ ಅಗ್ಗವಿತ್ತು, ಯುದ್ಧದಲ್ಲಿ ನೆಲಸಮವಾದ ಊರುಗಳನ್ನು ಕಟ್ಟಲು ಜನ ಸಾಲದಾಗಿತ್ತು. ದುಡಿಯುವ ಕೈಗೆ ಬರ ಬಂದಾಗ ಕೂಲಿ ಏರಲು ಲೆನಿನ್ನನ ಹಂಗು ಬೇಕಿಲ್ಲ. ಇದೇ ಭಯ ತಿರುಗುಬಾಣವಾದದ್ದೂ ಉಂಟು. 1947ರಲ್ಲಿ ಅಮೆರಿಕ ತಂದ ಟ್ಯಾಫ್ಟ್–ಹಾರ್ಟ್ಲಿ ಕಾಯದೆಯ ಪ್ರಕಾರ ಯೂನಿಯನ್ನಿನ ಪದಾಧಿಕಾರಿಗಳು 'ನಾನು ಕಮ್ಯುನಿಸ್ಟನಲ್ಲ' ಎಂದು ಪ್ರಮಾಣಪತ್ರ ಬರೆದುಕೊಡಬೇಕಾಯಿತು. ಯೂನಿಯನ್ನುಗಳು ತಮ್ಮೊಳಗಿನ ಅತ್ಯಂತ ಚುರುಕಿನ ಸಂಘಟಕರನ್ನು ತಾವೇ ಹೊರಹಾಕಿದವು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮಲ್ಲೂ ಕಮ್ಯುನಿಸ್ಟರ ಹಿಡಿತದಲ್ಲಿದ್ದ ಕಾರ್ಮಿಕ ಒಕ್ಕೂಟ ಎಐಟಿಯುಸಿಗೆ ಎದುರಾಗಿ ಕಾಂಗ್ರೆಸ್ಸಿನವರ ಐಎನ್‌ಟಿಯುಸಿ ಹುಟ್ಟಿತು. ದೂರದ ಕ್ರಾಂತಿ ಮಾಲೀಕನನ್ನು ಎಷ್ಟು ಹೆದರಿಸಿತೋ, ಕಾರ್ಮಿಕರನ್ನು ಅಷ್ಟೇ ಒಡೆಯಿತು.

ಎರಡನೆಯ ಉತ್ತರ ತದ್ವಿರುದ್ಧವಾದದ್ದು, ಅದು ಲೆನಿನ್ನನದೇ. ಶ್ರೀಮಂತ ದೇಶಗಳ ಮೇಲ್ತರಗತಿಯ ಕಾರ್ಮಿಕರ ಒಳ್ಳೆಯ ಪಗಾರ ವಸಾಹತುಗಳ ಲೂಟಿಯಿಂದ ಬಿದ್ದ ತುಣುಕು ಎಂದು ಅವನು 1916ರಲ್ಲಿ ಬರೆದ. ಹಾಗಿದ್ದರೆ ವಸಾಹತುಗಳು ಎದ್ದು ನಿಂತಂತೆಲ್ಲ ಲಂಡನ್ನಿನ ಕೂಲಿ ಕುಸಿಯಬೇಕಿತ್ತು. ಆದದ್ದು ಬೇರೆ. ಭಾರತ, ಇಂಡೋನೇಷ್ಯ, ಆಫ್ರಿಕದ ದೇಶಗಳು ಒಂದೊಂದಾಗಿ ಕೈಬಿಟ್ಟು ಹೋದ ಆ ಮೂವತ್ತು ವರ್ಷಗಳಲ್ಲೇ ಯುರೋಪಿನ ಕಾರ್ಮಿಕ ಹಿಂದೆಂದೂ ಕಾಣದ ಪಗಾರ ಕಂಡ. ಲೆನಿನ್ನನ ಈ ಮಾತು ಇತಿಹಾಸದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದೇ ನನ್ನ ಅಭಿಪ್ರಾಯ. ಅದನ್ನು ಇಲ್ಲಿಗೇ ಬಿಡೋಣ.

ಮೂರನೆಯದು ಪೇಟೆಯ ದಾರಿ. ಕರ್ನಾಟಕದ ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೂಪಾಯಿ ಲೆಕ್ಕದಲ್ಲಿ ನಡೆಯುತ್ತಿದ್ದ ವ್ಯಾಪಾರದಿಂದಾಗಿ 1980ರ ದಶಕದಲ್ಲಿ ಸೋವಿಯತ್ ಒಕ್ಕೂಟ ಭಾರತದ ಕಾಫಿಗೆ ಬಲು ದೊಡ್ಡ ಗಿರಾಕಿ. ಮಂಗಳೂರು, ಕೊಲ್ಲಂಗಳ ಗೇರುಬೀಜವೂ ಆ ಕಡೆ ಹಡಗು ಹತ್ತುತ್ತಿತ್ತು. ಒಕ್ಕೂಟ 1991ರಲ್ಲಿ ಚೂರಾದಾಗ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಕಂಗಾಲಾಗಿ ಹೊಸ ಪೇಟೆ ಹುಡುಕಬೇಕಾಯಿತು. ಸಮಾಜವಾದದಲ್ಲಿ ಕಿಂಚಿತ್ತೂ ನಂಬಿಕೆಯಿಲ್ಲದ ಎಸ್ಟೇಟು ಧಣಿಗಳು ಅದರ ಅಂತ್ಯಕ್ಕೆ ಮನಸಾರೆ ಮರುಗಿದ್ದು ಇತಿಹಾಸದ ಸಣ್ಣ ತಮಾಷೆಗಳಲ್ಲಿ ಒಂದು.

ನಾಲ್ಕನೆಯ ದಾರಿಯ ಬಗ್ಗೆ ವಿದ್ವಾಂಸರು ಕಡಿಮೆ ಬರೆದಿದ್ದಾರೆ. ನಮ್ಮ ನಾಡಿಗೆ ಗೊತ್ತಿರುವುದು ಅದೇ ಹೆಚ್ಚು. ಒಂದು ಕಡೆ ಚಳವಳಿ ಗೆದ್ದು ಕೂಲಿ ಏರಿದರೆ ಬಂಡವಾಳ ಗಂಟುಮೂಟೆ ಕಟ್ಟಿ ಪಕ್ಕದೂರಿಗೆ ನಡೆಯುತ್ತದೆ. ಇದಕ್ಕೆ ಬೀಡಿಯಷ್ಟು ಸ್ಪಷ್ಟವಾದ ಸಾಕ್ಷಿ ಇನ್ನೊಂದಿಲ್ಲ.

ಬೀಡಿ ಕಟ್ಟಲು ಬೇಕಾದ್ದೇನು? ಒಂದು ಗೆರಸೆ, ಕತ್ತರಿ, ನೆನೆಸಿದ ತುಂಬುರೆ ಎಲೆ, ಹದ ಮಾಡಿದ ತಂಬಾಕು, ದಾರದ ಉಂಡೆ. ಯಂತ್ರವಿಲ್ಲ, ಕಟ್ಟಡ ಬೇಕಿಲ್ಲ. ಇಂಥ ಉದ್ಯಮವನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಬಹುದು. ಮಂಗಳೂರಿನ ದೊಡ್ಡ ಕಂಪನಿಗಳು ಕಣ್ಣೂರಿನಲ್ಲಿ ಬೀಡಿ ಕಾರ್ಖಾನೆ ನಡೆಸುತ್ತಿದ್ದವು. ಅಲ್ಲಿ ನೂರಾರು ಮಂದಿ ಸಾಲಾಗಿ ಕೂತು ಬೀಡಿ ಕಟ್ಟುವಾಗ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ರಷ್ಯ, ಚೀನ, ವಿಯೆಟ್ನಾಮಿನ ಸುದ್ದಿ ಆ ಕಾರ್ಖಾನೆಗೆ ಬಂದದ್ದು ಹಾಗೆ. ಸುದ್ದಿಗೆ ಕಿವಿ ಇತ್ತು, ಕಿವಿಗೆ ಯೂನಿಯನ್ ಇತ್ತು. ಕೇಂದ್ರ ಸರಕಾರ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯದೆ ತಂದಾಗ, ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಕೇರಳದಲ್ಲಿ ಅದನ್ನು ಜಾರಿ ಮಾಡಲು ಹೊರಟಿತು. 1968ರ ಅಕ್ಟೋಬರಿನಲ್ಲಿ ಕಂಪನಿಗಳು ಕಣ್ಣೂರಿನ ಕಾರ್ಖಾನೆಗಳಿಗೆ ಬೀಗ ಹಾಕಿ, ಕೆಲಸವನ್ನು ಕಾಯದೆ ಇನ್ನೂ ಕಾಗದದಲ್ಲೇ ಇದ್ದ ಕರ್ನಾಟಕದ ಕಡೆ ಹೊರಳಿಸಿದವು. ಹನ್ನೆರಡು ಸಾವಿರದಷ್ಟು ಜನ ಬೀದಿಗೆ ಬಿದ್ದರು. ಅವರಿಗಾಗಿ ಸರಕಾರದ ನೆರವಿನಿಂದ 1969ರ ಫೆಬ್ರವರಿ 15ರಂದು ಶುರುವಾದದ್ದೇ ದಿನೇಶ್ ಬೀಡಿ ಸಹಕಾರಿ ಸಂಘ.

ಕೇರಳದ ಕಥೆಯನ್ನು ಎಲ್ಲರೂ ಇಲ್ಲಿಗೆ ಮುಗಿಸುತ್ತಾರೆ. ದಿನೇಶ್ ಬೀಡಿಯ ಮೇಲೆ ಪುಸ್ತಕಗಳೇ ಬಂದಿವೆ. ಗಡಿಯ ಈಚೆ ಏನಾಯಿತು ಎಂದು ಕೇಳುವವರು ಕಡಿಮೆ. ದಕ್ಷಿಣ ಕನ್ನಡದಲ್ಲಿ ಕೆಲಸ ಹೆಚ್ಚಿತು. ಕಾರ್ಖಾನೆಯಲ್ಲಿ ಅಲ್ಲ, ಮನೆಯ ಜಗಲಿಯಲ್ಲಿ. ಕಂತ್ರಾಟುದಾರ ಎಲೆ, ತಂಬಾಕು ತೂಗಿ ಕೊಡುವುದು, ಹೆಂಗಸರು ಅಡುಗೆ, ಹಟ್ಟಿ ಕೆಲಸದ ನಡುವೆ ಕಟ್ಟಿ ಬೀಡಿ ಬ್ರಾಂಚಿಗೆ ಒಯ್ಯುವುದು, ಅಲ್ಲಿ ಚೆಕ್ಕರ್ ಕೂತು ಇಷ್ಟು ಕಟ್ಟು ಸರಿಯಿಲ್ಲ ಎಂದು ಬದಿಗೆ ತಳ್ಳುವುದು. ನಿಪ್ಪಾಣಿಯಲ್ಲಿ ಹೀಗೆ ತಳ್ಳಿದ್ದನ್ನು ಛಾಟ ಎನ್ನುತ್ತಾರೆ. ಛಾಟಾದ ಬೀಡಿಗೆ ಕೂಲಿಯಿಲ್ಲ, ಬೀಡಿ ವಾಪಸು ಸಿಗುವುದೂ ಇಲ್ಲ. ಸಾವಿರ ಬೀಡಿಗೆ ಇಷ್ಟು ಎಂಬ ದರ ಏರಿಸಿ ಎಂದು ಕೇಳಿದರೆ ಕಂತ್ರಾಟುದಾರನ ಬಾಯಲ್ಲಿ ಒಂದೇ ಮಾತು: ಹಾಗಾದರೆ ಮುಂದಿನ ಊರಿಗೆ ಎಲೆ ಕೊಡುತ್ತೇವೆ. ಕಣ್ಣೂರಿನ ಗೆಲುವು ಮಂಗಳೂರಿಗೆ ಕೆಲಸ ತಂದಿತು, ಕೂಲಿ ತರಲಿಲ್ಲ. ಒಂದೆಡೆಯ ಸಮಾಜವಾದ ಇನ್ನೊಂದೆಡೆಯ ಕೂಲಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಶುದ್ಧವಾದ ಪ್ರಯೋಗವನ್ನು ಯಾವ ಅರ್ಥಶಾಸ್ತ್ರಿಯೂ ಮಾಡಲಾರ. ಇಲ್ಲಿ ಎರಡು ಸಂಗತಿ ಮರೆಯಬಾರದು. ಮೊದಲನೆಯದು, ಕಾಸರಗೋಡು, ಮಂಜೇಶ್ವರದ ಕನ್ನಡ, ತುಳು ಮನೆಗಳು ಗಡಿಯ ಆಚೆಗಿದ್ದವು. ಒಂದೇ ಮನೆತನದ ಅಕ್ಕ ಕೇರಳದ ದರದಲ್ಲಿ, ತಂಗಿ ಕರ್ನಾಟಕದ ದರದಲ್ಲಿ ಬೀಡಿ ಕಟ್ಟುವ ಸ್ಥಿತಿ. ಎರಡನೆಯದು, 1966ರ ಕಾಯದೆಯನ್ನು ಕಂಪನಿಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದರೂ ಸುಪ್ರೀಂ ಕೋರ್ಟು 1974ರಲ್ಲಿ ಅದನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ, ನಡುವೆ ಕಂತ್ರಾಟುದಾರ ಇದ್ದಾನೆಂದು ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಗಟ್ಟಿಯಾಯಿತು. ಕಾಯದೆ ಇಡೀ ದೇಶದ್ದಾದಾಗ ಓಡುವ ದಾರಿ ಕಿರಿದಾಗುತ್ತದೆ.

ಓಡಲಾಗದ ಬಂಡವಾಳವೂ ಇದೆ. ಕೋಲಾರದ ಚಿನ್ನ ನೆಲದಡಿಯಲ್ಲಿತ್ತು. ಜಾನ್ ಟೇಲರ್ ಕಂಪನಿ ಅದನ್ನು ಹೊತ್ತು ಬೇರೆಡೆ ಹೋಗುವಂತಿರಲಿಲ್ಲ. ಅಲ್ಲಿ 1940ರ ದಶಕದಲ್ಲಿ ಕಮ್ಯುನಿಸ್ಟ್ ಸಂಘಟಕ ಕೆ.ಎಸ್. ವಾಸನ್ ಮತ್ತವರ ಗೆಳೆಯರು ಕಟ್ಟಿದ ಯೂನಿಯನ್ನಿಗೆ ಕಂಪನಿ ಮಣಿಯದೆ ಇರಲು ಲಾಠಿ, ಗುಂಡು ಎಲ್ಲ ಬಳಸಬೇಕಾಯಿತು. 1946ರ ನವೆಂಬರಿನ ಗೋಲಿಬಾರಿನಲ್ಲಿ ಕಾರ್ಮಿಕರು ಸತ್ತರು. ಹತ್ತು ವರ್ಷದಲ್ಲಿ ಗಣಿಯೇ ಸರಕಾರದ ಕೈಗೆ ಬಂತು. ಬಂಡವಾಳ ಕಾಲು ಕೀಳಲಾರದ ಕಡೆ ದೂರದ ಕ್ರಾಂತಿಯ ಪ್ರೇರಣೆ ಪಗಾರವಾಗಿ ಮಾರ್ಪಡುವ ಸಾಧ್ಯತೆ ಹೆಚ್ಚು. ಕಾಲಿದ್ದ ಕಡೆ ಕಡಿಮೆ. ನಾನು ಓದಿದ ಸಿದ್ಧಾಂತಗಳಲ್ಲಿ ಈ ಸರಳ ಭೇದವನ್ನು ಮುಂದಿಟ್ಟವರು ವಿರಳ.

ಇನ್ನು ನಿಪ್ಪಾಣಿ. ಈ ಪೇಟೆಯ ತಂಬಾಕು ದೇಶದ ಬೀಡಿ ಕಂಪನಿಗಳಿಗೆಲ್ಲ ಹೋಗುತ್ತಿತ್ತು. ವಖಾರಿಗಳಲ್ಲಿ ಕೆಲಸ ಹೆಂಗಸರದೇ. ಒಣ ತಂಬಾಕನ್ನು ಬಡಿದು, ಚಾಳಣಿ ಹಿಡಿದು, ಕಡ್ಡಿ ಬೇರೆ ಹುಡಿ ಬೇರೆ ಮಾಡಬೇಕು. ಮೂಗು ಬಾಯಿಗೆ ಸೆರಗು ಸುತ್ತಿಕೊಂಡರೂ ಘಾಟು ಒಳಗೆ ಇಳಿಯುತ್ತದೆ; ಸಂಜೆ ಮನೆಗೆ ಹೋದ ಮೇಲೆ ರೊಟ್ಟಿಯೂ ತಂಬಾಕಿನ ರುಚಿ. 1948ರಿಂದಲೇ ದೇಶದಲ್ಲಿ ಕನಿಷ್ಠ ಕೂಲಿ ಕಾಯದೆ ಇತ್ತು. ಕನಿಷ್ಠ ಕೂಲಿ ಎಷ್ಟಿರಬೇಕೆಂದು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಲೆಕ್ಕವನ್ನೂ ಹಾಕಿಕೊಟ್ಟಿತ್ತು: ದುಡಿಯುವವನಿಗೊಂದು ಮೂರು ಪಾಲಿನ ಕುಟುಂಬ, ತಲೆಗೆ 2,700 ಕ್ಯಾಲೊರಿ ಊಟ, ವರ್ಷಕ್ಕೆ 18 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು. ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ 'ಸಮಾಜವಾದಿ ಮಾದರಿ' ಎಂದು ಠರಾವು ಮಾಡಿ ಎರಡು ವರ್ಷ, ಭಿಲಾಯಿಯಲ್ಲಿ ರಷ್ಯನ್ನರ ನೆರವಿನಿಂದ ಉಕ್ಕಿನ ಕಾರ್ಖಾನೆ ಏಳುತ್ತಿದ್ದ ಹೊತ್ತು. ಈ 18 ಗಜದಲ್ಲಿ ಆ ಕಾಲದ ಗಾಳಿ ಇದೆ. ನಿಪ್ಪಾಣಿಯ ವಖಾರಿಗೆ ಮಾತ್ರ ಆ ಗಾಳಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬರಲೇ ಇಲ್ಲ.

ತಂದವರು ಹೊರದೇಶದವರಲ್ಲ. ಅದೇ ಊರಿನಲ್ಲಿ ಪ್ರಾಧ್ಯಾಪಕರಾಗಿದ್ದು, ಮುಂದೆ ಶಾಸಕರೂ ಆದ ಸುಭಾಷ ಜೋಶಿ ಮತ್ತು ವಖಾರಿಯ ಹೆಂಗಸರೇ ಸೇರಿ ಚಿಕ್ಕೋಡಿ ತಾಲೂಕು ಕಾಮಗಾರ ಮಹಾಸಂಘ ಕಟ್ಟಿದರು. ಕಾಯದೆಯ ಕೂಲಿ ಕೈಗೆ ಬರಬೇಕು, ಹಾಜರಿ ಬರೆಯಬೇಕು, ಮೈ ಮುಟ್ಟುವ ಮೇಸ್ತ್ರಿಗಳಿಗೆ ತಡೆ ಬೀಳಬೇಕು ಎಂಬುದು ಬೇಡಿಕೆ. ಬೆಂಗಳೂರಿನ ಯುಗಾಂತರ್ ಎಂಬ ಹೆಂಗಸರ ಚಿತ್ರತಂಡ, ದೀಪಾ ಧನರಾಜ್ ಮತ್ತು ಸಂಗಾತಿಗಳು, ನಿಪ್ಪಾಣಿಗೆ ಬಂದು ಉಳಿದು, 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ಮಾಡಿತು. ಕಾರ್ಮಿಕಳು ಕ್ಯಾಮೆರಾದ ಎದುರು ತನ್ನ ಮಾತು ತಾನೇ ಆಡುವ, ಆ ಕಾಲಕ್ಕೆ ಅಪರೂಪದ ಚಿತ್ರ ಅದು. ಅವರ ಬಾಯಲ್ಲಿ ಮಾರ್ಕ್ಸ್, ಮಾಸ್ಕೊ ಬರುವುದಿಲ್ಲ. ಒಬ್ಬಳನ್ನು ಕೆಲಸದಿಂದ ತೆಗೆದರೆ ಉಳಿದವರೂ ಎದ್ದು ಹೊರಬರಬೇಕು, ಅಷ್ಟೇ ತತ್ತ್ವ.

ಹಾಗಾದರೆ ಪೆಟ್ರೊಗ್ರಾಡಿಗೂ ನಿಪ್ಪಾಣಿಗೂ ಸಂಬಂಧವೇ ಇಲ್ಲವೇ? ಇದೆ, ಸುತ್ತು ದಾರಿಯಲ್ಲಿ. ಎಐಟಿಯುಸಿ 1920ರ ಅಕ್ಟೋಬರ್ 31ರಂದು ಮುಂಬೈಯಲ್ಲಿ ಹುಟ್ಟಿದ್ದಕ್ಕೆ ಒಂದು ತುರ್ತು ಕಾರಣ ವಾಷಿಂಗ್ಟನ್ನಿನಲ್ಲಿ ಶುರುವಾದ ಆ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದ ಮುಂದಿನ ಅಧಿವೇಶನಗಳಿಗೆ ಭಾರತದ ಕಾರ್ಮಿಕರ ಪ್ರತಿನಿಧಿ ಕಳಿಸಬೇಕಾಗಿದ್ದು. ಪ್ರತಿನಿಧಿ ಬೇಕೆಂದರೆ ಸಂಘಟನೆ ಬೇಕಲ್ಲ! 1926ರಲ್ಲಿ ಯೂನಿಯನ್ನುಗಳಿಗೆ ಕಾಯದೆಯ ಮಾನ್ಯತೆ ಬಂತು. 60 ತಾಸಿನ ವಾರ 1922ರಲ್ಲಿ, 54 ತಾಸಿನದು 1934ರಲ್ಲಿ. ಯುರೋಪಿನವನಿಗೆ ಸಿಕ್ಕ 48 ತಾಸು ಇಲ್ಲಿಗೆ ಬರಲು 1946 ಆಗಬೇಕಾಯಿತು. ಅದನ್ನು ತಂದದ್ದು ವೈಸರಾಯ್ ಮಂಡಳಿಯಲ್ಲಿ 1942ರಿಂದ ಕಾರ್ಮಿಕ ಖಾತೆ ನೋಡುತ್ತಿದ್ದ ಬಾಬಾಸಾಹೇಬ ಅಂಬೇಡ್ಕರ್. ಕನಿಷ್ಠ ಕೂಲಿ ಮಸೂದೆಯನ್ನು 1946ರಲ್ಲೇ ಮಂಡಿಸಿದವರೂ ಅವರೇ.

ಅಂಬೇಡ್ಕರರ ನಂಟು ನಿಪ್ಪಾಣಿಗೆ ಹಳೆಯದು. 1925ರಲ್ಲೇ ಇಲ್ಲಿ ಬಹಿಷ್ಕೃತರ ಪರಿಷತ್ತು ನಡೆಸಿದ್ದರು. 1936ರಲ್ಲಿ ಸ್ವತಂತ್ರ ಮಜೂರ ಪಕ್ಷ ಕಟ್ಟಿ ಮರುವರ್ಷ ಚುನಾವಣೆಗೆ ಇಳಿದಾಗ ಬೆಳಗಾವಿ ಉತ್ತರ ಕ್ಷೇತ್ರದಿಂದ ಮುಂಬೈ ಶಾಸನಸಭೆಗೆ ಆರಿಸಿ ಹೋದವರು ನಿಪ್ಪಾಣಿಯ ಬಲವಂತರಾವ್ ವರಾಳೆ. ಸಂಪು ಹೂಡುವ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಅಂಬೇಡ್ಕರರ ಪಕ್ಷವೂ ಕಮ್ಯುನಿಸ್ಟರೂ ಒಟ್ಟಾಗಿ ಮುಂಬೈಯಲ್ಲಿ ಒಂದು ದಿನದ ಸಂಪು ಮಾಡಿದರು. ಆ ತಾರೀಖು ರಷ್ಯದ ಕ್ರಾಂತಿಯ ದಿನ. ಕಮ್ಯುನಿಸ್ಟರಿಗೆ ಆ ದಿನವೇ ಹಬ್ಬ. ಅಂಬೇಡ್ಕರರಿಗೆ ರಷ್ಯದ ಮೋಹವಿರಲಿಲ್ಲ, ಮೈಲಿಗೆಯ ಹೆಸರಿನಲ್ಲಿ ಗಿರಣಿಯ ನೇಯ್ಗೆ ಖಾತೆಗೆ ದಲಿತರನ್ನು ಬಿಡದ ಕಾರ್ಮಿಕರ ಬಗ್ಗೆ ಕಮ್ಯುನಿಸ್ಟರು ಸುಮ್ಮನಿದ್ದಾರೆಂಬ ಸಿಟ್ಟಿತ್ತು. ಆದರೂ ಕೂಡಿದರು. ದೂರದ ಕ್ರಾಂತಿಯನ್ನು ಕೂಲಿಯ ತನಕ ಹೊತ್ತು ತರಲು ಇಂಥ ಮನಸ್ಸಿಲ್ಲದ ಹೆಗಲುಗಳೂ ಬೇಕಾಗುತ್ತವೆ. ಜಾತಿಯ ಪ್ರಶ್ನೆ ಈ ಸಮೀಕ್ಷೆಯ ಹೊರಗಿನದೆಂದು ಯಾರಾದರೂ ಹೇಳಿದರೆ, ವಖಾರಿಯ ಹುಡಿಯಲ್ಲಿ ಕೂತವರು ಯಾವ ಕೇರಿಯವರೆಂದು ಕೇಳಬೇಕು.

ಇದೇ ನಿಪ್ಪಾಣಿ ಇನ್ನೊಂದು ಚಳವಳಿಗೆ ಹೆಚ್ಚು ಹೆಸರಾಯಿತು. 1981ರ ಮಾರ್ಚ್‌ನಲ್ಲಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಠಿಕಾಣಿ ಹೂಡಿ ಮೂರು ವಾರಕ್ಕೂ ಮಿಕ್ಕಿ ಕೂತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ಹತ್ತಕ್ಕೂ ಹೆಚ್ಚು ರೈತರು ಸತ್ತರು. ಮುಂದಾಳು ಶೇತಕರಿ ಸಂಘಟನೆಯ ಶರದ್ ಜೋಶಿ, ಸ್ವಿಟ್ಜರ್ಲೆಂಡಿನ ಅಂತರರಾಷ್ಟ್ರೀಯ ಅಂಚೆ ಸಂಸ್ಥೆಯ ಕೆಲಸ ಬಿಟ್ಟು ಬಂದವರು, ಸಮಾಜವಾದದ ಕಡುವಿರೋಧಿ. ಬೆಳೆಗೆ ದರ ಸಿಕ್ಕರೆ ಕೂಲಿಗೂ ಸಿಗುತ್ತದೆ ಎಂಬುದು ಅವರ ವಾದ. ಒಂದೇ ಊರಿನ ಒಂದೇ ತಂಬಾಕಿನ ಸುತ್ತ, ಒಂದೆರಡು ವರ್ಷದ ಅಂತರದಲ್ಲಿ, ಒಬ್ಬ ಜೋಶಿ ವಖಾರಿಯ ಕೂಲಿ ಕೇಳಿದರು, ಇನ್ನೊಬ್ಬ ಜೋಶಿ ಹೊಲದ ದರ ಕೇಳಿದರು. ದರ ಏರಿದ ಬೆಳೆಯಲ್ಲಿ ಕೂಲಿಕಾರಳ ಪಾಲು ತಾನಾಗಿ ಏರಿದ್ದನ್ನು ನಾನಂತೂ ಕಂಡಿಲ್ಲ. ಅದನ್ನು ಕೇಳಿಯೇ ಪಡೆಯಬೇಕು.

ಒಂದೂರಿನ ಸಂಪು ಇನ್ನೊಂದೂರಿಗೆ ಕೆಲಸ ತರುವುದಕ್ಕೆ ಕೊಲ್ಲಾಪುರ ಜಿಲ್ಲೆಯ ಇಚಲಕರಂಜಿ ಇನ್ನೊಂದು ಸಾಕ್ಷಿ. ದತ್ತಾ ಸಾಮಂತರ ಮುಂದಾಳುತನದಲ್ಲಿ 1982ರ ಜನವರಿ 18ರಂದು ಮುಂಬೈಯ ಗಿರಣಿ ಕಾರ್ಮಿಕರು ಸಂಪು ಹೂಡಿದರು. ಗಿರಣಿಗಳು ಮತ್ತೆ ಮೊದಲಿನಂತಾಗಲೇ ಇಲ್ಲ. ನೇಯ್ಗೆ ಭಿವಂಡಿಗೆ, ಇಚಲಕರಂಜಿಗೆ ಹೋಯಿತು. ನಮ್ಮ ಕಡೆಯ ಎಷ್ಟೋ ಹುಡುಗರು ಪವರ್‌ಲೂಮಿನ ಪಾಳಿಗೆ ಹೋದರು. ಕೆಲಸ ಸಿಕ್ಕಿತು, ಗಿರಣಿಯ ಭವಿಷ್ಯನಿಧಿ, ಬೋನಸ್ಸು, ಕಾಯಂ ನೌಕರಿ ಮಾತ್ರ ಮುಂಬೈಯ ಪರಳದಲ್ಲೇ ಉಳಿದವು.

ಸಮಾಜವಾದ ಎದ್ದಾಗ ಏನಾಯಿತು ಎಂದಷ್ಟೇ ಕೇಳಿದರೆ ಅರ್ಧ ಪ್ರಶ್ನೆ. ಬಿದ್ದಾಗ ಏನಾಯಿತು? ಹಾರ್ವರ್ಡಿನ ಅರ್ಥಶಾಸ್ತ್ರಿ ರಿಚರ್ಡ್ ಫ್ರೀಮನ್ ಹಾಕಿದ ಲೆಕ್ಕದಂತೆ, ಚೀನ, ಭಾರತ, ಹಳೆಯ ಸೋವಿಯತ್ ಬಣದ ದೇಶಗಳು ಜಾಗತಿಕ ಮಾರುಕಟ್ಟೆಗೆ ಬಾಗಿಲು ತೆರೆದಾಗ ಅದರ ದುಡಿಯುವ ಕೈಗಳು ಸುಮಾರು 146 ಕೋಟಿಯಿಂದ 293 ಕೋಟಿಗೆ ಏರಿದವು. ಬಂಡವಾಳ ಅದೇ ಪ್ರಮಾಣದಲ್ಲಿ ಏರಲಿಲ್ಲ. ಡೆಟ್ರಾಯಿಟಿನ ಕಾರ್ಮಿಕನಿಗೆ ಅದು ಕೆಟ್ಟ ಸುದ್ದಿ, ಶೆಂಜೆನ್ನಿನವನಿಗೆ ಒಳ್ಳೆಯದು. ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯಲ್ಲೇ ಇರುವ ಚೀನ ಸ್ವತಂತ್ರ ಯೂನಿಯನ್ನುಗಳಿಗೆ ಅವಕಾಶ ಕೊಡದೆ ಜಗತ್ತಿನ ಕೂಲಿಯನ್ನು ಕೆಳಗೆ ಎಳೆದ ಈ ಬೆಳವಣಿಗೆಯನ್ನು 1917ರಲ್ಲಿ ಯಾವ ಬಣ್ಣದ ಪಂಡಿತನೂ ಊಹಿಸಿರಲಾರ. ಸೋವಿಯತ್ ಬಣದಲ್ಲೂ ಅಷ್ಟೇ: ಕಾರ್ಮಿಕರ ರಾಜ್ಯವೆಂದು ಕರೆದುಕೊಂಡ ಪೋಲೆಂಡಿನಲ್ಲಿ ಸ್ವತಂತ್ರ ಯೂನಿಯನ್ನಿನ ಹಕ್ಕಿಗಾಗಿ 1980ರಲ್ಲಿ ಗ್ಡಾನ್ಸ್ಕಿನ ಹಡಗುಕಟ್ಟೆಯವರು ಸಂಪು ಹೂಡಬೇಕಾಯಿತು. ಹೊರಗಿನವರ ಪಗಾರಕ್ಕೆ ಆಸರೆಯಾದ ದೇಶಗಳು ತಮ್ಮವರ ಬಾಯಿ ಕಟ್ಟಿದ್ದವು.

ಈಗ ಕೆಂಪು ಬಾವುಟದ ಭಯ ಯಾರಿಗೂ ಇಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1948ರ ಕನಿಷ್ಠ ಕೂಲಿ ಕಾಯದೆಯೂ 1966ರ ಬೀಡಿ ಕಾಯದೆಯೂ ಅವುಗಳಲ್ಲಿ ಕರಗಿದವು. ಭಯ ಹೋದರೂ ನೆರೆಯವರ ಪ್ರಭಾವ ಹೋಗಿಲ್ಲ. 2025ರ ಅದೇ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕೂತಾಗ ಅವರ ಬಾಯಲ್ಲಿದ್ದದ್ದು ಕೊಲ್ಲಾಪುರದ ಕಾರ್ಖಾನೆಗಳ ದರ. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಆ ಕಬ್ಬು ಕಡಿಯುವವರ ಮಾತು ಆ ವೇದಿಕೆಯ ಮೇಲೆ ಬರಲಿಲ್ಲ.

ದಿಗ್ಗೇವಾಡಿ ಸುತ್ತಿನ ಹೊಲಗಳಿಗೆ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ಮಹಾರಾಷ್ಟ್ರದ ಬೀಡದಿಂದ, ವಿಜಯಪುರದ ಕಡೆಯಿಂದ. ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ, ಒಬ್ಬರೇ ಬಂದರೆ ಅರ್ಧ. ಗ್ಯಾಂಗಿನ ಮುಕಾದಮ ಮಳೆಗಾಲದಲ್ಲೇ ಉಚಲ್, ಅಂದರೆ ಮುಂಗಡ, ಕೊಟ್ಟಿರುತ್ತಾನೆ. ಅದು ತೀರುವ ತನಕ ಕಡಿಯಬೇಕು. ಕಡಿದು, ಮೋಳಿಗೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಲಿಗೆ ಏರಿಸಿದರೆ ಟನ್ನಿನ ಲೆಕ್ಕ. ಮಹಾರಾಷ್ಟ್ರದಲ್ಲಿ ಕಡಿಯುವವರ ಸಂಘಟನೆಗಳು, ಅವುಗಳಲ್ಲಿ ಎಡಪಕ್ಷದವೂ ಇವೆ, ಸಂಪಿನ ಬೆದರಿಕೆ ಹಾಕಿ ಸಕ್ಕರೆ ಕಾರ್ಖಾನೆಗಳ ಒಕ್ಕೂಟದ ಎದುರು ಕೂತು 2024ರ ಜನವರಿಯಲ್ಲಿ ದರವನ್ನು ಶೇಕಡ 34ರಷ್ಟು ಏರಿಸಿಕೊಂಡವು. ಕರ್ನಾಟಕದಲ್ಲಿ ಅಂಥ ರಾಜ್ಯಮಟ್ಟದ ಒಪ್ಪಂದವಿಲ್ಲ. ಗ್ಯಾಂಗಿನವರು ಎರಡೂ ಕಡೆ ಹೋಗಬಲ್ಲವರಾದ್ದರಿಂದ ಆಚೆಯ ದರದ ಒಂದು ಪಾಲು ಈಚೆಗೂ ಬರುತ್ತದೆ. ಕಬ್ಬಿನ ಹೊಲ ಓಡುವಂತಿಲ್ಲ, ಕಾರ್ಖಾನೆಯೂ ಓಡುವಂತಿಲ್ಲ. ಓಡಲಾಗದ ಬಂಡವಾಳ, ಗಡಿ ದಾಟಬಲ್ಲ ಕಾರ್ಮಿಕ: ಬೀಡಿಯ ಕಥೆ ಇಲ್ಲಿ ತಲೆಕೆಳಗಾಗಿದೆ. ಉಗಾರ, ಅಥಣಿ, ರಾಯಬಾಗದ ಕಾರ್ಖಾನೆಗಳ ಎದುರು ಕೂತು ಕೇಳಬಲ್ಲ ಕಡಿಯುವವರ ಸಂಘಟನೆ ಈಚೆಗೂ ಹುಟ್ಟಿದರೆ ಶೇಕಡ 34 ಪೂರ್ತಿಯಾಗಿ ಕೃಷ್ಣೆ ದಾಟಬಹುದು. ಅದು ಹುಟ್ಟುವ ಮೊದಲೇ ಕಟಾವು ಯಂತ್ರಗಳು ಹೊಲಕ್ಕೆ ಇಳಿಯತೊಡಗಿವೆ. ಅವುಗಳಿಗೆ ಉಚಲ್ ಕೊಡಬೇಕಿಲ್ಲ.